ನಾಗಾವಿಯ ಸರಸ್ವತೀ ಭಂಡಾರಿಗರು ಮತ್ತು ಇಂದಿನ ಅನುದಾನ: ನಾಲವಾರ ಪರಿಸರದ ಸಮುದಾಯ ಸಂಗ್ರಹಗಳ ಪಾಲನೆ – ಒಂದು ವಿಮರ್ಶೆ

ಪೀಠಿಕೆ

ಕಲಬುರಗಿ ಜಿಲ್ಲೆಯ ಚಿತ್ತಾಪುರಕ್ಕೆ ಹೊಂದಿಕೊಂಡಿರುವ ನಾಗಾವಿ ಕಲ್ಯಾಣ ಚಾಲುಕ್ಯರ ಕಾಲದ ಪ್ರಸಿದ್ಧ ಘಟಿಕಾಸ್ಥಾನ. ತ್ರೈಲೋಕ್ಯಮಲ್ಲ ಒಂದನೆಯ ಸೋಮೇಶ್ವರನ ಆಳ್ವಿಕೆಗೆ ಸೇರಿದ ಕ್ರಿ.ಶ. 1058ರ ಶಾಸನವು ಇಲ್ಲಿ ವೇದ, ಶಾಸ್ತ್ರಗಳನ್ನು ಅಭ್ಯಸಿಸುತ್ತಿದ್ದ ಇನ್ನೂರಕ್ಕೂ ಹೆಚ್ಚು ವಿದ್ಯಾರ್ಥಿಗಳ ಮತ್ತು ಅವರಿಗೆ ಪಾಠ ಹೇಳುತ್ತಿದ್ದ ಉಪಾಧ್ಯಾಯರ ವ್ಯವಸ್ಥೆಯನ್ನು ವಿವರಿಸುತ್ತದೆ. ನಿಜಾಮ ಸರಕಾರದ ಪುರಾತತ್ತ್ವ ಇಲಾಖೆಯು ನಾಗಾವಿ ಶಾಸನಗಳನ್ನು 1928ರಲ್ಲಿ ಹೈದರಾಬಾದ್ ಪುರಾತತ್ತ್ವ ಮಾಲೆಯಲ್ಲಿ ಪ್ರಕಟಿಸಿದಂದಿನಿಂದ ವಿದ್ವಾಂಸರು ಈ ಸ್ಥಳವನ್ನು ಪ್ರಾಚೀನ ವಿಶ್ವವಿದ್ಯಾಲಯವೆಂದು ಬಣ್ಣಿಸುತ್ತ ಬಂದಿದ್ದಾರೆ. ಅದೇ ಶಾಸನದಲ್ಲಿ ಬರುವ ಇನ್ನೊಂದು ವಿವರ ಗ್ರಂಥಾಲಯ ಚರಿತ್ರೆಯನ್ನು ಬರೆದವರ ಗಮನ ಸೆಳೆದಷ್ಟು ಜಾನಪದ ವಿದ್ವಾಂಸರ ಗಮನ ಸೆಳೆದಿಲ್ಲ. ಉಪಾಧ್ಯಾಯರು ಮತ್ತು ವಿದ್ಯಾರ್ಥಿಗಳ ಜೊತೆಗೆ ಅಲ್ಲಿ ಆರು ಮಂದಿ ಸರಸ್ವತೀ ಭಂಡಾರಿಗರ, ಎಂದರೆ ಗ್ರಂಥಭಂಡಾರವನ್ನು ನೋಡಿಕೊಳ್ಳುವವರ, ಉಲ್ಲೇಖವಿದೆ. ಗ್ರಂಥಗಳನ್ನು ಇಡಲು ಮನೆಯೊಂದಿದ್ದರೆ ಸಾಲದು, ಅವುಗಳನ್ನು ನೋಡಿಕೊಳ್ಳುವ ಮನುಷ್ಯನಿಗೂ ವ್ಯವಸ್ಥೆಯಾಗಬೇಕು ಎಂಬ ತಿಳಿವಳಿಕೆ ಇಲ್ಲಿ ಕಾಣುತ್ತದೆ.

ಪ್ರಸ್ತುತ ಲೇಖನವು ಈ ತಿಳಿವಳಿಕೆಯನ್ನು ಅಳತೆಗೋಲಾಗಿ ಇರಿಸಿಕೊಂಡು, ನಾಲವಾರ ಮತ್ತು ಅದರ ಸುತ್ತಲಿನ ಚಿತ್ತಾಪುರ, ವಾಡಿ, ಶಹಾಬಾದ, ಸೇಡಂ, ಚಿಂಚೋಳಿ ಪ್ರದೇಶದಲ್ಲಿ ಸಮುದಾಯಗಳು ಕಾಪಾಡಿಕೊಂಡು ಬಂದಿರುವ ಸಾಂಸ್ಕೃತಿಕ ಸಂಗ್ರಹಗಳಿಗೆ ದೊರೆಯುವ ಹಣಕಾಸಿನ ನೆರವಿನ ಸ್ವರೂಪವನ್ನು ಪರಿಶೀಲಿಸುತ್ತದೆ. ಹಿಂದುಳಿದ ಪ್ರದೇಶಕ್ಕೆ ಹಣ ಬರುತ್ತಿಲ್ಲ ಎಂಬ ರೂಢಿಯ ದೂರು ಇಲ್ಲಿನ ವಿಷಯವಲ್ಲ. ಬರುವ ಹಣವು ಕಟ್ಟಡ, ಉತ್ಸವ, ಪ್ರಕಟಣೆ ಎಂಬ ಮೂರು ರೂಪಗಳನ್ನು ತಾಳುತ್ತದೆಯೇ ಹೊರತು ಪಾಲನೆಯ ರೂಪವನ್ನು ತಾಳುವುದಿಲ್ಲ ಎಂಬುದು ಇಲ್ಲಿನ ಮುಖ್ಯ ವಾದ.

ಪರಿಸರ ಮತ್ತು ಸಂಗ್ರಹಗಳ ಸ್ವರೂಪ

ನಾಲವಾರವು ಚಿತ್ತಾಪುರ ತಾಲೂಕಿನ ಹೋಬಳಿ ಕೇಂದ್ರ. ವಾಡಿ ಮತ್ತು ಯಾದಗಿರಿಗಳ ನಡುವಿನ ರೈಲುದಾರಿಯಲ್ಲಿರುವ ಈ ಊರು ಕೋರಿಸಿದ್ಧೇಶ್ವರ ಮಠಕ್ಕೂ ಅದರ ತನಾರತಿ ಜಾತ್ರೆಗೂ ಹೆಸರಾಗಿದೆ. ಇದರ ದಕ್ಷಿಣಕ್ಕೂ ಪಶ್ಚಿಮಕ್ಕೂ ಭೀಮಾತೀರ, ಉತ್ತರಕ್ಕೆ ಕಾಗಿಣಾ ತೀರದ ಶಹಾಬಾದ ಮತ್ತು ಮಳಖೇಡ, ಈಶಾನ್ಯಕ್ಕೆ ತೆಲಂಗಾಣದ ಗಡಿಗೆ ತಾಗಿದ ಸೇಡಂ ಮತ್ತು ಚಿಂಚೋಳಿಗಳಿವೆ. ಈ ಪ್ರದೇಶವನ್ನು ಏಕರೂಪಿ ಸಾಂಸ್ಕೃತಿಕ ಘಟಕವೆಂದು ಭಾವಿಸುವುದು ಸರಿಯಲ್ಲ. ಗಡಿಭಾಗದ ತೆಲುಗು, ತಾಂಡಾಗಳ ಲಂಬಾಣಿ ನುಡಿ, ಪಟ್ಟಣಗಳ ದಖನಿ ಉರ್ದು, ಶಹಾಬಾದದ ಕಲ್ಲುಗಣಿಗಳಿಗೂ ವಾಡಿಯ ಸಿಮೆಂಟು ಕಾರ್ಖಾನೆಗೂ ಬಂದು ನೆಲೆಸಿದ ಕಾರ್ಮಿಕರ ಹಲವು ಭಾಷೆಗಳು ಇಲ್ಲಿನ ಕನ್ನಡದೊಂದಿಗೆ ಬೆರೆತಿವೆ. 1948ರ ಸೆಪ್ಟೆಂಬರಿನವರೆಗೆ ನಿಜಾಮನ ಆಡಳಿತದಲ್ಲಿದ್ದು, 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿದ ಈ ಭಾಗದ ಮನೆಮಠಗಳ ಪೆಟ್ಟಿಗೆಗಳಲ್ಲಿ ಕನ್ನಡ ಬರಹದ ಜೊತೆಗೆ ಉರ್ದು, ಮೋಡಿ, ತೆಲುಗು ಕಾಗದಗಳೂ ದೊರೆಯುವುದಕ್ಕೆ ಈ ಚರಿತ್ರೆಯೇ ಕಾರಣ.

ಇಲ್ಲಿನ ಸಮುದಾಯ ಸಂಗ್ರಹಗಳನ್ನು ಅಧ್ಯಯನದ ಅನುಕೂಲಕ್ಕಾಗಿ ನಾಲ್ಕು ಬಗೆಯಾಗಿ ವಿಂಗಡಿಸಬಹುದು.

ಮೊದಲನೆಯದು ಬರಹದ ಸಂಗ್ರಹ. ಕಡಕೋಳ ಮಡಿವಾಳಪ್ಪ, ಚೆನ್ನೂರ ಜಲಾಲಸಾಹೇಬ, ಖೈನೂರ ಕೃಷ್ಣಪ್ಪ ಮೊದಲಾದವರ ತತ್ವಪದಗಳು ಭಜನಾ ಮಂಡಳಿಗಳ ಕೈಬರಹದ ಪುಸ್ತಕಗಳಲ್ಲಿ ಉಳಿದು ಬಂದಿವೆ. ಬಯಲಾಟದ ಮಾಸ್ತರರು ನಕಲು ಮಾಡಿಕೊಂಡ ಆಟದ ಪುಸ್ತಕಗಳು, ಮಠಗಳ ತಾಡೋಲೆಗಳು, ನಿಜಾಮ ಕಾಲದ ಜಮೀನಿನ ಕಾಗದಗಳು ಕೂಡ ಈ ವರ್ಗಕ್ಕೇ ಸೇರುತ್ತವೆ. ಎರಡನೆಯದು ಆಚರಣೆಯ ವಸ್ತುಗಳು. ಮೊಹರಮ್ಮಿನ ಹತ್ತು ದಿನ ಹೊರಬಂದು ಉಳಿದ ಕಾಲವೆಲ್ಲ ಪೆಟ್ಟಿಗೆಯಲ್ಲಿರುವ ಅಲಾಯಿಯ ಪಂಜಾಗಳು, ಜಾತ್ರೆಯ ಪಲ್ಲಕ್ಕಿ ಮತ್ತು ನಂದಿಕೋಲು, ಪುರವಂತರ ಖಡ್ಗ ಹಾಗೂ ಶಸ್ತ್ರಗಳು ಇಂಥವು. ಮೂರನೆಯದು ವಾದ್ಯ ಮತ್ತು ವೇಷ: ಡೊಳ್ಳು, ಹಲಗೆ, ಏಕತಾರಿ, ತಾಳ, ಬಯಲಾಟದ ಕಿರೀಟ, ಭುಜಕೀರ್ತಿ, ಎದೆಹಾರ, ತಾಂಡಾದ ಹೆಂಗಸರ ಕಸೂತಿಯ ಉಡುಗೆ. ನಾಲ್ಕನೆಯದು ಊರಹೊರಗೆ, ಹನುಮಂತ ದೇವರ ಕಟ್ಟೆಯ ಮೇಲೆ, ಬಾವಿಯ ದಂಡೆಯಲ್ಲಿ ನಿಂತಿರುವ ವೀರಗಲ್ಲು, ಶಾಸನ ಮತ್ತು ಭಗ್ನಶಿಲ್ಪಗಳು.

ಈ ನಾಲ್ಕೂ ಬಗೆಗಳಿಗೆ ಸಮಾನವಾದ ಲಕ್ಷಣವೆಂದರೆ ಇವು ನೋಟಕ್ಕಾಗಿ ಇಟ್ಟವಲ್ಲ, ಬಳಕೆಗಾಗಿ ಇಟ್ಟವು. ಗಂಟು ಬಿಚ್ಚುವುದಕ್ಕೆ ಒಂದು ತಿಥಿಯಿದೆ, ಬಿಚ್ಚುವವರಿಗೆ ಒಂದು ಮನೆತನ ಅಥವಾ ಸರದಿಯಿದೆ, ಬಿಚ್ಚುವ ಮೊದಲು ಪಾಲಿಸಬೇಕಾದ ನೇಮವಿದೆ. ಅಲಾಯಿ ಪೆಟ್ಟಿಗೆಯನ್ನು ನೋಡಿಕೊಳ್ಳುವ ಮುಜಾವರ, ಭಜನೆಯ ಪುಸ್ತಕವನ್ನು ಕೆಂಪು ಬಟ್ಟೆಯಲ್ಲಿ ಸುತ್ತಿಡುವ ಮಂಡಳಿಯ ಹಿರಿಯ, ಡೊಳ್ಳಿನ ತೊಗಲು ಸಡಿಲವಾಗದಂತೆ ಬಿಸಿಲು ಕಾಯಿಸುವ ಹಾಲುಮತದ ಕಲಾವಿದ, ಇವರೆಲ್ಲ ವಸ್ತುಸಂಗ್ರಹಾಲಯ ಶಾಸ್ತ್ರದ ಪರಿಭಾಷೆಯನ್ನು ಅರಿಯದೆ ಪಾಲಕರ ಕೆಲಸವನ್ನು ಮಾಡುತ್ತ ಬಂದವರು. ಬಜೆಯ ಬೇರು, ಬೇವಿನ ಎಲೆ, ಹುಣಸೆಹುಳಿ, ಎಣ್ಣೆ ಇವೇ ಅವರ ಸಂರಕ್ಷಣಾ ಸಾಮಗ್ರಿ. ಈ ಪದ್ಧತಿಗಳೆಲ್ಲ ಇಂದಿಗೂ ಸಮರ್ಪಕವೆಂದು ಹೇಳುವಂತಿಲ್ಲ. ಹುಣಸೆಯಿಂದ ಪದೇಪದೇ ತಿಕ್ಕಿದ ಹಿತ್ತಾಳೆಯ ಮೇಲಿನ ಸಣ್ಣ ಬರಹ ಸವೆದುಹೋಗುತ್ತದೆ. ಇತ್ತೀಚಿನ ದಶಕಗಳಲ್ಲಿ ಹರಿದ ಹಾಳೆಗೆ ಅಂಟುಪಟ್ಟಿ ಹಚ್ಚುವುದು, ಹಳೆಯ ಕಾಗದವನ್ನು ಲ್ಯಾಮಿನೇಷನ್ ಮಾಡಿಸುವುದು, ಕಟ್ಟಿಗೆಯ ಮೂರ್ತಿಗೂ ಕಲ್ಲಿನ ಮೂರ್ತಿಗೂ ಎಣ್ಣೆಬಣ್ಣ ಬಳಿಸುವುದು ಹೆಚ್ಚಾಗಿವೆ. ಇವು ಅಸಡ್ಡೆಯ ಲಕ್ಷಣಗಳಲ್ಲ. ಅಕ್ಕರೆಯಿದ್ದೂ ಮಾರ್ಗದರ್ಶನವಿಲ್ಲದಿರುವುದರ ಲಕ್ಷಣಗಳು. ಈ ವ್ಯತ್ಯಾಸವನ್ನು ಗುರುತಿಸದ ಯಾವ ಅನುದಾನ ನೀತಿಯೂ ಸಮುದಾಯವನ್ನು ವಿಶ್ವಾಸಕ್ಕೆ ತೆಗೆದುಕೊಳ್ಳಲಾರದು.

ಸನ್ನತಿಯ ಪಾಠ

ಸಮುದಾಯದ ಬಳಕೆಯು ವಸ್ತುವನ್ನು ಉಳಿಸುವುದೂ ಉಂಟು, ಕೆಡಿಸುವುದೂ ಉಂಟು ಎಂಬುದಕ್ಕೆ ಭೀಮಾತೀರದ ಸನ್ನತಿಗಿಂತ ಉತ್ತಮ ನಿದರ್ಶನ ಬೇಕಿಲ್ಲ. ಇಲ್ಲಿನ ಚಂದ್ರಲಾಂಬಾ ದೇವಾಲಯದ ಆವರಣದಲ್ಲಿರುವ ಕಾಳಿಯ ಗುಡಿಯ ಚಾವಣಿ 1986ರಲ್ಲಿ ಕುಸಿದಾಗ, ಮೂರ್ತಿಯ ಪೀಠವಾಗಿದ್ದ ಕಲ್ಲು ಅಶೋಕನ ಶಾಸನಶಿಲೆಯೆಂಬುದು ಬೆಳಕಿಗೆ ಬಂದಿತು. ಪೀಠಕ್ಕಾಗಿ ನಡುವೆ ಕೊರೆದದ್ದರಿಂದ ಬರಹದ ಒಂದಷ್ಟು ಭಾಗ ನಷ್ಟವಾಗಿದೆ. ಅದೇ ಕಲ್ಲು ದೇವರ ಪೀಠವಾಗಿದ್ದುದರಿಂದಲೇ ಶತಮಾನಗಳ ಕಾಲ ಒಡೆದು ಚೂರಾಗದೆ ಉಳಿದುಕೊಂಡಿತು. ಆರಾಧನೆ ಮತ್ತು ನಷ್ಟ ಒಂದೇ ಕಲ್ಲಿನಲ್ಲಿ ಕೂಡಿಕೊಂಡಿರುವ ಈ ಪ್ರಕರಣವು, ಸಮುದಾಯವನ್ನು ರಕ್ಷಕನೆಂದು ಮಾತ್ರ ಕೊಂಡಾಡುವವರಿಗೂ ಭಕ್ಷಕನೆಂದು ಮಾತ್ರ ದೂಷಿಸುವವರಿಗೂ ಉತ್ತರವಾಗಬಲ್ಲದು.

ಸನ್ನತಿಗೆ ಸಮೀಪದ ಕನಗನಹಳ್ಳಿಯಲ್ಲಿ 1990ರ ದಶಕದಲ್ಲಿ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆ ನಡೆಸಿದ ಉತ್ಖನನವು ಮಹಾಸ್ತೂಪವೊಂದರ ಅವಶೇಷಗಳನ್ನೂ ‘ರಾಯೊ ಅಸೋಕೊ’ ಎಂಬ ಬರಹವಿರುವ ಶಿಲ್ಪಫಲಕವನ್ನೂ ಹೊರತಂದಿತು. ಭಾರತೀಯ ಇತಿಹಾಸದ ದೃಷ್ಟಿಯಿಂದ ಇದಕ್ಕಿಂತ ಮಹತ್ವದ ಶೋಧ ಈ ಜಿಲ್ಲೆಯಲ್ಲಿ ಮತ್ತೊಂದಿಲ್ಲ. ಆದರೂ ಉತ್ಖನನದ ನಂತರ ಸುಮಾರು ಎರಡು ದಶಕ ಕಾಲ ಫಲಕಗಳು ಬಹುಮಟ್ಟಿಗೆ ಬಯಲಿನಲ್ಲೇ ಉಳಿದವು. ವ್ಯವಸ್ಥಿತ ಸಂರಕ್ಷಣಾ ಕಾರ್ಯ ಆರಂಭವಾದದ್ದು 2022ರ ನಂತರ. ಉತ್ಖನನಕ್ಕೆ ಹಣವಿತ್ತು, ವರದಿಗೂ ಹಣವಿತ್ತು. ನಡುವಿನ ಪ್ರತಿ ಮಳೆಗಾಲದಲ್ಲಿ ಕಲ್ಲಿನ ಮೇಲೆ ಹೊದಿಕೆ ಹಾಕಿ ಕಾಯುವ ಕೆಲಸ ಮಾತ್ರ ಯಾವ ಯೋಜನೆಯ ಭಾಗವೂ ಆಗಲಿಲ್ಲ. ರಾಷ್ಟ್ರಮಟ್ಟದ ಇಲಾಖೆಯ ವಶದಲ್ಲಿರುವ ನಿವೇಶನದ ಸ್ಥಿತಿಯೇ ಹೀಗಿರುವಾಗ, ಇಲಾಖೆಯ ಪಟ್ಟಿಯಲ್ಲಿಲ್ಲದ ಭಜನಾ ಪುಸ್ತಕದ ಗತಿಯನ್ನು ಊಹಿಸಿಕೊಳ್ಳಬಹುದು.

ವೃತ್ತಿಭೂಮಿಯಿಂದ ವರ್ಷಾಶನಕ್ಕೆ

ಪಾಲನೆಗೆ ಹಿಂದೆ ಹಣ ಎಲ್ಲಿಂದ ಬರುತ್ತಿತ್ತೆಂಬ ಪ್ರಶ್ನೆಗೆ ನಾಗಾವಿಯ ಶಾಸನದಿಂದ ಇಪ್ಪತ್ತನೆಯ ಶತಮಾನದವರೆಗೆ ಬಹುಮಟ್ಟಿಗೆ ಒಂದೇ ಉತ್ತರವಿದೆ: ಭೂಮಿಯಿಂದ. ದೀಪ ಹಚ್ಚುವವನಿಗೆ, ವಾದ್ಯ ನುಡಿಸುವವನಿಗೆ, ಪಲ್ಲಕ್ಕಿ ಹೊರುವವನಿಗೆ, ಅಲಾಯಿ ಕೂಡಿಸುವವನಿಗೆ ಇನಾಮು ಜಮೀನಿನ ಉತ್ಪನ್ನದಲ್ಲಿ ಪಾಲಿತ್ತು. ಆಯದ ಕಾಳು, ಹರಕೆಯ ಕಾಣಿಕೆ, ಊರವರು ಹಾಕಿಕೊಳ್ಳುವ ಪಟ್ಟಿ ಇದಕ್ಕೆ ಪೂರಕವಾಗಿದ್ದವು. 1974ರ ಭೂಸುಧಾರಣಾ ತಿದ್ದುಪಡಿಯು ಧಾರ್ಮಿಕ ಸಂಸ್ಥೆಗಳ ಗೇಣಿ ಜಮೀನನ್ನೂ ವ್ಯಾಪ್ತಿಗೆ ತಂದು, ಉಳುವವನಿಗೆ ಒಡೆತನವನ್ನೂ ಸಂಸ್ಥೆಗೆ ವರ್ಷಾಶನವನ್ನೂ ನಿಗದಿಪಡಿಸಿತು.

ಉಳುವವನ ಹಕ್ಕಿನ ದೃಷ್ಟಿಯಿಂದ ಈ ಬದಲಾವಣೆ ನ್ಯಾಯವಾದದ್ದು. ಅದನ್ನು ಹಳಹಳಿಕೆಯ ವಸ್ತುವಾಗಿಸುವುದು ಸಲ್ಲದು. ಹಳೆಯ ವ್ಯವಸ್ಥೆಯು ಜಾತಿಯ ಏಣಿಶ್ರೇಣಿಯ ಮೇಲೆಯೇ ನಿಂತಿತ್ತು. ನಾಗಾವಿಯ ಘಟಿಕಾಸ್ಥಾನದ ಬಾಗಿಲು ವೇದಾಧ್ಯಯನದ ಅಧಿಕಾರವಿದ್ದವರಿಗೆ ಮಾತ್ರ ತೆರೆದಿತ್ತೆಂಬುದನ್ನೂ, ಹಲಗೆ ಬಾರಿಸುವವನ ಸೇವೆ ‘ವೃತ್ತಿ’ ಎನ್ನಿಸಿಕೊಂಡರೂ ಬಹಳ ಸಲ ಬಿಟ್ಟಿಯೇ ಆಗಿತ್ತೆಂಬುದನ್ನೂ ಮರೆಯುವಂತಿಲ್ಲ. ಇಲ್ಲಿ ಗಮನಿಸಬೇಕಾದ ಅಂಶವೇ ಬೇರೆ. ಭೂಮಿಯ ಜೊತೆಗೆ ಅಂಟಿಕೊಂಡಿದ್ದ ಪಾಲನೆಯ ಹೊಣೆಯನ್ನು ಹೊಸ ವ್ಯವಸ್ಥೆ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ವರ್ಷಾಶನವಾಗಲಿ ಮುಜರಾಯಿ ಇಲಾಖೆಯ ತಸ್ತೀಕಾಗಲಿ ಪೂಜೆಯ ಖರ್ಚನ್ನು ಉದ್ದೇಶಿಸಿದವು. ವಾದ್ಯ, ವೇಷ, ಹಸ್ತಪ್ರತಿ, ಲೋಹದ ವಸ್ತುಗಳ ಆರೈಕೆ ಆ ಲೆಕ್ಕದಿಂದ ಜಾರಿಹೋಯಿತು. ಪೆಟ್ಟಿಗೆಯನ್ನು ಕಾಯುವವನ ಹೊಣೆ ಉಳಿಯಿತು. ಆ ಹೊಣೆಗೆ ಆಧಾರವಾಗಿದ್ದ ಪಾಲು ಉಳಿಯಲಿಲ್ಲ.

ಇಂದಿನ ಅನುದಾನ ಮಾರ್ಗಗಳು

ಇಂದು ಈ ಪ್ರದೇಶದ ಸಮುದಾಯ ಗುಂಪೊಂದು ಎದುರುನೋಡಬಹುದಾದ ಮುಖ್ಯ ಮಾರ್ಗಗಳನ್ನು ಒಂದೊಂದಾಗಿ ಪರಿಶೀಲಿಸುವುದು ಉಚಿತ.

ಕೇಂದ್ರ ಸರಕಾರವು 2003ರಲ್ಲಿ ಆರಂಭಿಸಿದ ರಾಷ್ಟ್ರೀಯ ಹಸ್ತಪ್ರತಿ ಅಭಿಯಾನವು ಹಸ್ತಪ್ರತಿಗೆ ನೀಡಿದ ನಿರ್ವಚನದ ಪ್ರಕಾರ ಅದು ಕನಿಷ್ಠ ಎಪ್ಪತ್ತೈದು ವರ್ಷ ಹಳೆಯದಾಗಿರಬೇಕು ಮತ್ತು ವೈಜ್ಞಾನಿಕ, ಐತಿಹಾಸಿಕ ಅಥವಾ ಸೌಂದರ್ಯಮೌಲ್ಯವನ್ನು ಹೊಂದಿರಬೇಕು. ಫರ್ಮಾನು, ಕಂದಾಯ ದಾಖಲೆಗಳು ಈ ನಿರ್ವಚನದ ಹೊರಗೆ ಉಳಿದವು. 2025–26ರ ಕೇಂದ್ರ ಮುಂಗಡಪತ್ರವು ಜ್ಞಾನಭಾರತಂ ಎಂಬ ಹೊಸ ಅಭಿಯಾನವನ್ನು ಘೋಷಿಸಿ, ಈ ಬಾಬಿನ ಮೊತ್ತವನ್ನು 3.5 ಕೋಟಿಯಿಂದ 60 ಕೋಟಿ ರೂಪಾಯಿಗೆ ಏರಿಸಿತು. ಒಂದು ಕೋಟಿಗೂ ಹೆಚ್ಚು ಹಸ್ತಪ್ರತಿಗಳನ್ನು ತಲುಪುವ ಗುರಿಯಲ್ಲಿ ಖಾಸಗಿ ಸಂಗ್ರಾಹಕರನ್ನೂ ಸೇರಿಸಿಕೊಂಡಿರುವುದು ಸ್ವಾಗತಾರ್ಹ ಬೆಳವಣಿಗೆ. ಆದರೆ ತತ್ವಪದ ಪರಂಪರೆಯ ದೃಷ್ಟಿಯಿಂದ ವಯಸ್ಸಿನ ಮಾನದಂಡವೇ ಸಮಸ್ಯಾತ್ಮಕವಾದುದು. ಭಜನೆಯ ಪುಸ್ತಕ ಕೈಬಳಕೆಯಿಂದ ಸವೆಯುತ್ತದೆ. ಸವೆದಾಗ ಮಂಡಳಿಯವರು ಹೊಸ ನೋಟುಬುಕ್ಕಿಗೆ ನಕಲು ಮಾಡಿಕೊಳ್ಳುತ್ತಾರೆ. ಹೀಗಾಗಿ ಎರಡು ಶತಮಾನದ ಪರಂಪರೆಯೊಂದರ ಉಳಿದಿರುವ ಏಕೈಕ ಪ್ರತಿ 1970ರ ದಶಕದ ಗೆರೆ ಹಾಕಿದ ಶಾಲಾ ಪುಸ್ತಕವಾಗಿರುವುದು ಸಾಧ್ಯ. ಪಠ್ಯ ಹಳೆಯದು, ಕಾಗದ ಹೊಸದು. ಕಾಗದದ ವಯಸ್ಸನ್ನು ಎಣಿಸುವ ನಿಯಮವು ನಕಲಿನ ಮೂಲಕವೇ ಬದುಕುವ ಪರಂಪರೆಯನ್ನು ಗುರುತಿಸಲಾರದು.

ಕೇಂದ್ರ ಸಂಸ್ಕೃತಿ ಸಚಿವಾಲಯದ ವಸ್ತುಸಂಗ್ರಹಾಲಯ ಅನುದಾನ ಯೋಜನೆಯು ನೋಂದಾಯಿತ ಸೊಸೈಟಿ ಮತ್ತು ಟ್ರಸ್ಟುಗಳಿಗೂ ತೆರೆದಿದೆ. ಆದರೆ ಅದು ಕಲ್ಪಿಸಿಕೊಳ್ಳುವುದು ಕಟ್ಟಡ, ಪ್ರದರ್ಶನಾಂಗಣ ಮತ್ತು ನೋಡುಗರಿರುವ ಸಂಸ್ಥೆಯನ್ನು. ವರ್ಷಕ್ಕೊಮ್ಮೆ ತೆರೆಯುವ ಪೆಟ್ಟಿಗೆ ಆ ಕಲ್ಪನೆಯಲ್ಲಿ ವಸ್ತುಸಂಗ್ರಹಾಲಯವಾಗುವುದಿಲ್ಲ. ರಾಜ್ಯದ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯು ಸಂಘಸಂಸ್ಥೆಗಳಿಗೆ ಧನಸಹಾಯವನ್ನೂ ವಾದ್ಯಪರಿಕರ ಮತ್ತು ವೇಷಭೂಷಣ ಖರೀದಿಗೆ ನೆರವನ್ನೂ ಹಿರಿಯ ಕಲಾವಿದರಿಗೆ ಮಾಸಾಶನವನ್ನೂ ನೀಡುತ್ತದೆ. ಕಲಾವಿದರ ಬದುಕಿಗೆ ಇವು ಬಹುದೊಡ್ಡ ಆಸರೆ ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಧನಸಹಾಯದ ದೊಡ್ಡ ಪಾಲು ಕಾರ್ಯಕ್ರಮಕ್ಕೆ ಸಲ್ಲುತ್ತದೆ, ಪರಿಕರದ ನೆರವು ಖರೀದಿಗೆ ಸಲ್ಲುತ್ತದೆ. ಹೊಸ ಡೊಳ್ಳಿಗೆ ಪಾವತಿ ದೊರೆಯುವಷ್ಟು ಸುಲಭವಾಗಿ ಹಳೆಯ ಡೊಳ್ಳಿನ ಕಳಸವನ್ನು ಸರಿಪಡಿಸಿದ ಬಡಿಗನ ಕೂಲಿಗೆ ಪಾವತಿ ಒದಗುವುದಿಲ್ಲ. ಖರೀದಿಯೇ ನೆರವಿನ ಮಾದರಿಯಾದಾಗ ಹಳೆಯದು ಅಟ್ಟ ಸೇರುವುದು ಸಹಜ.

ಸಂವಿಧಾನದ 371(ಜೆ) ವಿಧಿಯ ಫಲವಾಗಿ 2013ರಲ್ಲಿ ರಚನೆಯಾಗಿ, 2019ರ ನಂತರ ಕಲ್ಯಾಣ ಕರ್ನಾಟಕದ ಹೆಸರು ಪಡೆದ ಪ್ರದೇಶಾಭಿವೃದ್ಧಿ ಮಂಡಳಿಗೆ 2023–24ರ ರಾಜ್ಯ ಮುಂಗಡಪತ್ರದಲ್ಲಿ 5,000 ಕೋಟಿ ರೂಪಾಯಿ ಘೋಷಿಸಲಾಯಿತು. ರಸ್ತೆ, ಶಾಲೆ, ಆಸ್ಪತ್ರೆಗಳಿಗೆ ಆದ್ಯತೆ ದೊರೆಯುವುದು ಈ ಪ್ರದೇಶದ ಸ್ಥಿತಿಗತಿಯಲ್ಲಿ ನ್ಯಾಯವೇ ಆಗಿದೆ. ಸಂಸ್ಕೃತಿಯ ಹೆಸರಿನಲ್ಲಿ ಸಲ್ಲುವ ಸಣ್ಣ ಪಾಲಾದರೂ ಭವನಗಳ ರೂಪದಲ್ಲೇ ಕಾಣಿಸಿಕೊಳ್ಳುವುದಕ್ಕೆ ಕಾರಣ ಅಂದಾಜುಪಟ್ಟಿಯ ವ್ಯಾಕರಣ. ಗೋಡೆಗೆ ಅಳತೆಯುಂಟು, ದರಪಟ್ಟಿಯುಂಟು, ಉದ್ಘಾಟನೆಯ ಫಲಕವುಂಟು. ಕಾಯುವ ಕೆಲಸಕ್ಕೆ ಇವು ಮೂರೂ ಇಲ್ಲ.

ಸಿಮೆಂಟು ಕಾರ್ಖಾನೆಗಳ ಈ ಸೀಮೆಯಲ್ಲಿ ಇನ್ನೊಂದು ಮಾರ್ಗವೂ ಇದೆ. 2013ರ ಕಂಪನಿ ಕಾಯ್ದೆಯ 135ನೆಯ ಕಲಮು ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇಕಡಾ 2ರಷ್ಟನ್ನು ಸಾಮಾಜಿಕ ಹೊಣೆಗಾರಿಕೆಗೆ ವಿನಿಯೋಗಿಸಬೇಕೆನ್ನುತ್ತದೆ. ಆ ಕಾಯ್ದೆಯ ಏಳನೆಯ ಅನುಸೂಚಿಯಲ್ಲಿ ಪರಂಪರೆ, ಕಲೆ, ಸಂಸ್ಕೃತಿಗಳ ರಕ್ಷಣೆ, ಸಾರ್ವಜನಿಕ ಗ್ರಂಥಾಲಯಗಳ ಸ್ಥಾಪನೆ, ಪಾರಂಪರಿಕ ಕಲೆ ಮತ್ತು ಕರಕುಶಲಗಳ ಅಭಿವೃದ್ಧಿ ಸ್ಪಷ್ಟವಾಗಿ ಸೇರಿವೆ. ವಾಡಿ, ಸೇಡಂ, ಮಳಖೇಡ, ಚಿಂಚೋಳಿಗಳ ಸುತ್ತ ಸುಣ್ಣಕಲ್ಲನ್ನು ತೆಗೆಯುವ ಉದ್ಯಮವು ಅದೇ ನೆಲದ ಸ್ಮೃತಿಯ ಪಾಲನೆಯಲ್ಲಿ ಪಾಲ್ಗೊಳ್ಳಲು ಕಾನೂನಿನ ಅಡ್ಡಿಯಿಲ್ಲ. ಕೊರತೆಯಿರುವುದು ಕೇಳುವವರ ಕಡೆಯಲ್ಲಿ: ಯಾವ ಊರಿನಲ್ಲಿ ಯಾವ ಸಂಗ್ರಹಕ್ಕೆ ಏನು ಬೇಕೆಂದು ಹೇಳಬಲ್ಲ ಪಟ್ಟಿಯೇ ಸಿದ್ಧವಾಗಿಲ್ಲ.

ದೇವಾಲಯಗಳ ಜೀರ್ಣೋದ್ಧಾರದಲ್ಲಿ ರಾಜ್ಯ ಪುರಾತತ್ತ್ವ ಇಲಾಖೆಯೂ ಧರ್ಮಸ್ಥಳದ ಮಂಜುನಾಥೇಶ್ವರ ಧರ್ಮೋತ್ಥಾನ ಟ್ರಸ್ಟೂ ಅನುಸರಿಸಿದ ಕ್ರಮ ಇಲ್ಲಿ ಉಲ್ಲೇಖಾರ್ಹ. ವೆಚ್ಚದಲ್ಲಿ ಸರಕಾರ ಶೇ. 40, ಟ್ರಸ್ಟ್ ಶೇ. 40, ಸ್ಥಳೀಯರು ಶೇ. 20 ಭರಿಸುವ ಈ ಮಾದರಿಯು ಊರವರನ್ನು ಫಲಾನುಭವಿಗಳ ಸ್ಥಾನದಿಂದ ಪಾಲುದಾರರ ಸ್ಥಾನಕ್ಕೆ ತಂದಿತು. ಆದರೆ ಇದೂ ಕಟ್ಟಡದ ಮಾದರಿಯೇ. ಅದರಿಂದ ಕಲಿಯಬೇಕಾದದ್ದು ಪಾಲುದಾರಿಕೆಯ ತತ್ವವನ್ನು ಮಾತ್ರ. ಶೇ. 20ರ ಪಾಲನ್ನು ಹಣದಲ್ಲೇ ಕೇಳಿದರೆ ಅನುಕೂಲವಂತರ ಗುಡಿ ಎದ್ದು ನಿಲ್ಲುತ್ತದೆ, ಕೂಲಿಕಾರರ ಕೇರಿಯ ವಾದ್ಯ ಮೂಲೆ ಸೇರುತ್ತದೆ. ಪಾಲನೆಯ ದುಡಿಮೆಯನ್ನೇ ಸಮುದಾಯದ ಪಾಲೆಂದು ಲೆಕ್ಕ ಹಿಡಿಯುವ ಅವಕಾಶವಿರಬೇಕು.

ಪ್ರಕಟಣೆ ಮತ್ತು ಸ್ಥಳಾಂತರ: ಅಧ್ಯಯನ ಶಿಸ್ತಿನ ಹೊಣೆ

ಅನುದಾನದ ಮೂರನೆಯ ರೂಪ ಪ್ರಕಟಣೆ. ರಾಷ್ಟ್ರೀಯ ಸಂತಕವಿ ಕನಕದಾಸ ಅಧ್ಯಯನ ಮತ್ತು ಸಂಶೋಧನ ಕೇಂದ್ರವು ಹೊರತಂದಿರುವ ಸಮಗ್ರ ತತ್ವಪದಗಳ ಸಂಪುಟಗಳು ಕನ್ನಡ ಸಂಶೋಧನೆಯ ಬಹುದೊಡ್ಡ ಸಾಧನೆಗಳಲ್ಲಿ ಒಂದು. ಕಲಬುರಗಿ ಸೀಮೆಯ ತತ್ವಪದಕಾರರು ನಾಡಿನಾದ್ಯಂತ ಓದಿಗೆ ದೊರೆಯುವಂತಾದದ್ದು ಇದರಿಂದ. ಆದರೆ ಪಠ್ಯ ಗ್ರಂಥಾಲಯಕ್ಕೆ ಬಂದ ಮೇಲೆ ಅದರ ಆಕರವಾದ ಕೈಬರಹದ ಪುಸ್ತಕದ ಸ್ಥಿತಿ ಏನಾಯಿತೆಂಬ ಪ್ರಶ್ನೆಯನ್ನು ಜಾನಪದ ಮತ್ತು ಸಾಹಿತ್ಯ ಸಂಶೋಧನೆ ವಾಡಿಕೆಯಾಗಿ ಕೇಳುವುದಿಲ್ಲ. ಆ ಪುಸ್ತಕದ ಅಂಚಿನಲ್ಲಿ ರಾಗತಾಳದ ಗುರುತುಗಳಿರುತ್ತವೆ, ಯಾವ ಅಮಾವಾಸ್ಯೆಗೆ ಯಾವ ಪದವೆಂಬ ಸೂಚನೆಯಿರುತ್ತದೆ, ನಕಲು ಮಾಡಿದವನ ಹೆಸರು, ಊರು, ಗುರುವಿನ ನೆನಹು ಇರುತ್ತವೆ. ಮುದ್ರಿತ ಸಂಪುಟ ಪದವನ್ನು ಉಳಿಸಬಲ್ಲದು. ಪದವನ್ನು ಬಳಸಿದ ಸಮುದಾಯದ ಚರಿತ್ರೆ ಇರುವುದು ಆ ಅಂಚಿನಲ್ಲಿ.

ವಸ್ತುಗಳ ವಿಷಯದಲ್ಲಿ ಇದಕ್ಕೆ ಸಂವಾದಿಯಾದುದು ಸ್ಥಳಾಂತರ. 1968ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯವೂ, 1994ರಲ್ಲಿ ಎಚ್.ಎಲ್. ನಾಗೇಗೌಡರ ಶ್ರಮದಿಂದ ರಾಮನಗರದ ಬಳಿ ಜಾನಪದ ಲೋಕವೂ ರೂಪುಗೊಂಡಾಗ, ನಾಶವಾಗಲಿದ್ದ ಎಷ್ಟೋ ವಸ್ತುಗಳಿಗೆ ಆಶ್ರಯ ದೊರೆಯಿತು. ಆ ಕಾಲಕ್ಕೆ ಅದು ಅಗತ್ಯವಾದ ಕೆಲಸ. ಆದರೆ ಸ್ಥಳಾಂತರವೇ ಭದ್ರತೆ ಎಂಬ ನಂಬಿಕೆ ಪ್ರಶ್ನಾರ್ಹ. ಮೈಸೂರಿನ ಸಂಗ್ರಹವಿರುವ ಜಯಲಕ್ಷ್ಮೀವಿಲಾಸ ಕಟ್ಟಡವೇ ಶಿಥಿಲಗೊಂಡು, 2020ರ ದಶಕದಲ್ಲಿ ಹೊರದೇಶದ ನೆರವನ್ನೂ ಅವಲಂಬಿಸಿ ದುರಸ್ತಿಗೆ ಮುಂದಾಗಬೇಕಾಯಿತು. ಕೆಳದಿಯಲ್ಲಿ ಮನೆತನವೊಂದರ ಶ್ರಮದಿಂದ ಬೆಳೆದ ವಸ್ತುಸಂಗ್ರಹಾಲಯವು ಕುವೆಂಪು ವಿಶ್ವವಿದ್ಯಾಲಯದ ಆಶ್ರಯ ಪಡೆದದ್ದು ಮತ್ತೊಂದು ಬಗೆ. ಅಲ್ಲಿ ಹೊಣೆ ಬದಲಾಯಿತೇ ಹೊರತು ಸಂಗ್ರಹ ಊರನ್ನು ಬಿಡಲಿಲ್ಲ. ನಾಲವಾರ ಪರಿಸರದ ಪಂಜಾ, ನಂದಿಕೋಲುಗಳಿಗೆ ಮೊದಲ ಮಾರ್ಗ ಸಾಧ್ಯವೇ ಇಲ್ಲ. ಅವು ಊರು ಬಿಟ್ಟ ದಿನ ಪಂಜಾ, ನಂದಿಕೋಲುಗಳಾಗಿ ಉಳಿಯದೆ ಲೋಹ ಮತ್ತು ಕಟ್ಟಿಗೆಯಾಗುತ್ತವೆ.

ಹೊರಜಗತ್ತಿನ ಎರಡು ನಿದರ್ಶನಗಳು

ಈ ಸಮಸ್ಯೆ ಕರ್ನಾಟಕಕ್ಕೆ ಮಾತ್ರ ಸೀಮಿತವಾದುದಲ್ಲ. ಆಸ್ಟ್ರೇಲಿಯದ ರಾಷ್ಟ್ರೀಯ ಗ್ರಂಥಾಲಯವು 1994ರಿಂದ ಸಮುದಾಯ ಪರಂಪರೆಯ ಅನುದಾನವೊಂದನ್ನು ನಿರ್ವಹಿಸಿದೆ. ಊರಿನ ಇತಿಹಾಸ ಮಂಡಳಿ, ಸಣ್ಣ ವಸ್ತುಸಂಗ್ರಹಾಲಯ, ವಲಸಿಗರ ಸಂಘ, ಮೂಲನಿವಾಸಿಗಳ ಸಂಘಟನೆ ಇಂಥವುಗಳಿಗೆ ಅದು ಸಣ್ಣ ಮೊತ್ತವನ್ನು ನೀಡುತ್ತದೆ. ಅದರಲ್ಲಿ ಗಮನಾರ್ಹವಾದುದು ಮೊತ್ತಕ್ಕಿಂತ ಅನುಕ್ರಮ. ಮೊದಲು ಸಂಗ್ರಹದ ಮಹತ್ವವನ್ನು ಅಳೆಯುವುದಕ್ಕೆ, ಆಮೇಲೆ ಸಂರಕ್ಷಣೆಯ ಅಗತ್ಯವನ್ನು ಗುರುತಿಸುವುದಕ್ಕೆ, ಅದರ ನಂತರ ಸಂರಕ್ಷಣೆಯ ಕೆಲಸಕ್ಕೂ ತರಬೇತಿಗೂ ಹಣ. ಏನಿದೆ, ಏಕೆ ಮುಖ್ಯ ಎಂಬುದನ್ನು ಅರಿಯುವ ಕೆಲಸವೇ ಅನುದಾನಕ್ಕೆ ಅರ್ಹವೆಂಬ ಒಪ್ಪಿಗೆ ಅಲ್ಲಿದೆ. ಬ್ರಿಟಿಷ್ ಗ್ರಂಥಾಲಯವು 2004ರಿಂದ ನಡೆಸುತ್ತಿರುವ ಅಪಾಯದಲ್ಲಿರುವ ದಾಖಲೆಗಳ ಯೋಜನೆಯು ಡಿಜಿಟಲ್ ಪ್ರತಿಗೆ ಹಣ ನೀಡುತ್ತದೆಯಾದರೂ ಮೂಲಪ್ರತಿ ಅದರ ದೇಶದಲ್ಲೇ ಉಳಿಯಬೇಕೆಂದು ವಿಧಿಸುತ್ತದೆ. ವಸಾಹತುಶಾಹಿ ಕಾಲದ ಸಂಗ್ರಹಕ್ರಮದಿಂದ ಇದು ದೂರ ಸರಿದಿರುವುದರ ಸೂಚನೆ. 2005ರಲ್ಲಿ ಭಾರತವೂ ಅಂಗೀಕರಿಸಿದ ಯುನೆಸ್ಕೊದ ಅಮೂರ್ತ ಪರಂಪರೆಯ ಒಡಂಬಡಿಕೆಯು ಪರಂಪರೆಯನ್ನು ಸೃಷ್ಟಿಸಿ ಉಳಿಸಿಕೊಂಡು ಬಂದ ಸಮುದಾಯವೇ ಅದರ ನಿರ್ವಹಣೆಯಲ್ಲಿ ಪಾಲ್ಗೊಳ್ಳಬೇಕೆನ್ನುತ್ತದೆ. ತತ್ವದಲ್ಲಿ ಒಪ್ಪಿಕೊಂಡದ್ದನ್ನು ಲೆಕ್ಕಶೀರ್ಷಿಕೆಯಲ್ಲಿ ಕಾಣಿಸುವ ಕೆಲಸ ಬಾಕಿಯಿದೆ.

ಆಕ್ಷೇಪಗಳು

ಸಮುದಾಯದ ಕೈಗೆ ನೇರವಾಗಿ ಹಣ ನೀಡಬೇಕೆಂಬ ವಾದಕ್ಕೆ ಮೂರು ಆಕ್ಷೇಪಗಳು ಸಾಧ್ಯ. ಹಣ ಬಂದರೆ ಜಗಳ ಬರುತ್ತದೆ, ಲೆಕ್ಕ ಸಿಗುವುದಿಲ್ಲ ಎಂಬುದು ಮೊದಲನೆಯದು. ಈ ಅಳುಕು ನಿರಾಧಾರವಲ್ಲ. ಆದರೆ ಅನುದಾನದ ಮೊತ್ತ ದೊಡ್ಡದಾದಷ್ಟೂ ವಿವಾದವೂ ಹಿರಿದಾಗುತ್ತದೆ. ಒಂದು ತಗಡಿನ ಪೆಟ್ಟಿಗೆ, ಆಮ್ಲರಹಿತ ಕಾಗದ, ಒಬ್ಬ ಪಾಲಕನ ವರ್ಷದ ಗೌರವಧನ, ಇಷ್ಟರ ಲೆಕ್ಕವನ್ನು ಗ್ರಾಮಸಭೆಯಲ್ಲಿ ಎಲ್ಲರೆದುರು ಓದಿ ಹೇಳಬಹುದು. ಜಾತ್ರೆಯ ಪಟ್ಟಿಯ ಲೆಕ್ಕವನ್ನು ಗುಡಿಯ ಕಟ್ಟೆಯ ಮೇಲೆ ಒಪ್ಪಿಸುವ ರೂಢಿ ಈ ಸೀಮೆಗೆ ಹೊಸದೇನೂ ಅಲ್ಲ.

ಎರಡನೆಯ ಆಕ್ಷೇಪ ಇನ್ನಷ್ಟು ಗಂಭೀರವಾದುದು. ‘ಸಮುದಾಯ’ ಎಂಬ ಪದ ಊರಿನೊಳಗಿನ ಯಜಮಾನಿಕೆಯನ್ನು ಮರೆಮಾಚುತ್ತದೆ. 1960ರ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಾಯಿಸಿ, ವಾರ್ಷಿಕ ಲೆಕ್ಕ ಪರಿಶೋಧನೆ ಮಾಡಿಸಿ, ಹಣ ಬಳಕೆ ಪ್ರಮಾಣಪತ್ರ ಸಲ್ಲಿಸಬಲ್ಲವರು ಯಾರು? ಬಹಳ ಸಲ ಊರಿನ ಅಕ್ಷರಸ್ಥ, ಅನುಕೂಲಸ್ಥ ವರ್ಗದವರು. ಹಲಗೆಯ ಮೇಳಕ್ಕಾಗಲಿ ತಾಂಡಾದ ಹೆಂಗಸರ ಗುಂಪಿಗಾಗಲಿ ಮುಜಾವರನ ಮನೆಗಾಗಲಿ ಈ ಕಾಗದಪತ್ರದ ದಾರಿ ಸುಗಮವಲ್ಲ. ನೋಂದಣಿಯನ್ನೇ ಅರ್ಹತೆಯ ಬಾಗಿಲಾಗಿಸಿದರೆ ನಾಗಾವಿಯ ಘಟಿಕಾಸ್ಥಾನದ ಬಾಗಿಲನ್ನು ಬೇರೆ ರೂಪದಲ್ಲಿ ಮತ್ತೆ ಕಟ್ಟಿದಂತಾಗುತ್ತದೆ.

ಮೂರನೆಯದು ಪ್ರವೇಶದ ಪ್ರಶ್ನೆ. ಸಾರ್ವಜನಿಕ ಹಣ ಪಡೆದ ಸಂಗ್ರಹ ಸಾರ್ವಜನಿಕರಿಗೆ ತೆರೆದಿರಬೇಕೆಂಬುದು ಸಾಮಾನ್ಯ ನಿಯಮ. ಆದರೆ ಎಲ್ಲ ಸಂಗ್ರಹಗಳೂ ಎಲ್ಲರಿಗೂ ಎಲ್ಲ ಕಾಲದಲ್ಲೂ ತೆರೆದವಲ್ಲ. ನೆರೆಯ ಸುರಪುರ ಸೀಮೆಯ ಕೊಡೇಕಲ್ಲ ಬಸವಣ್ಣನ ಪರಂಪರೆಯಲ್ಲಿ ಕಾಲಜ್ಞಾನದ ಹಸ್ತಪ್ರತಿಗಳು ಅಮರಗನ್ನಡವೆಂಬ ವಿಶಿಷ್ಟ ಲಿಪಿಯಲ್ಲಿವೆ. ಗೋಪ್ಯತೆಯೇ ಆ ಪರಂಪರೆಯ ಅಂಗ. ಇದರ ಜೊತೆಗೆ 1972ರ ಪ್ರಾಚ್ಯವಸ್ತು ಕಾಯ್ದೆಯ ಹೆಸರು ಕೇಳಿದೊಡನೆ ವಸ್ತುವನ್ನು ಸರಕಾರ ಒಯ್ಯುತ್ತದೆಂಬ ಭಯವೂ ಹಳ್ಳಿಗಳಲ್ಲಿದೆ. ಆ ಕಾಯ್ದೆಯು ಬಯಸುವ ನೋಂದಣಿಯಿಂದ ಒಡೆತನ ತಪ್ಪುವುದಿಲ್ಲ ಎಂಬುದನ್ನು ತಿಳಿಸಿಹೇಳುವವರಿಲ್ಲ. ಪ್ರವೇಶದ ಷರತ್ತನ್ನು ಸಮುದಾಯದೊಂದಿಗೆ ಕುಳಿತು ನಿಗದಿಪಡಿಸದ ಅನುದಾನವು ಪೆಟ್ಟಿಗೆಗಳನ್ನು ಇನ್ನಷ್ಟು ಒಳಕ್ಕೆ ಸರಿಸೀತು.

ಸಮಾರೋಪ

ಮೇಲಿನ ಚರ್ಚೆಯಿಂದ ಕೆಲವು ತೀರ್ಮಾನಗಳಿಗೆ ಬರಬಹುದು. ಅನುದಾನದ ಮೊದಲ ಕಂತು ಪಟ್ಟಿ ಮತ್ತು ಮಹತ್ವದ ಅವಲೋಕನಕ್ಕೆ ಸಲ್ಲಬೇಕು. ಆ ಪಟ್ಟಿಯ ಮೂಲ ಸಮುದಾಯದ ಬಳಿಯಲ್ಲೇ ಇರಬೇಕು. ಕಾಗದದ ವಯಸ್ಸಿಗಿಂತ ಪರಂಪರೆಯ ಬಳಕೆಯನ್ನು ಮಾನದಂಡವಾಗಿಸಬೇಕು. ಖರೀದಿಯ ನೆರವಿನಲ್ಲಿ ದುರಸ್ತಿಗೂ ಅಷ್ಟೇ ಸ್ಥಾನವಿರಬೇಕು. ಪ್ರತಿಯೊಂದು ಸಂಪಾದನೆ, ಧ್ವನಿಮುದ್ರಣ, ಡಿಜಿಟಲೀಕರಣದ ಯೋಜನೆಯಲ್ಲಿ ಮೂಲಪ್ರತಿಯ ಆರೈಕೆಗೆ ಒಂದು ಪಾಲು ಕಡ್ಡಾಯವಾಗಬೇಕು; ಈ ಕೊನೆಯದನ್ನು ಜಾರಿಗೆ ತರಲು ವಿಶ್ವವಿದ್ಯಾಲಯಗಳಾಗಲಿ ಅಕಾಡೆಮಿಗಳಾಗಲಿ ಸರಕಾರದ ಆದೇಶಕ್ಕೆ ಕಾಯಬೇಕಿಲ್ಲ.

ಎಲ್ಲಕ್ಕಿಂತ ಮುಖ್ಯವಾದುದು ಪಾಲಕನಿಗೆ ಸಲ್ಲುವ, ಮೊತ್ತ ಸಣ್ಣದಾದರೂ ವರ್ಷ ವರ್ಷವೂ ತಪ್ಪದ, ವೃತ್ತಿ. ಯೋಜನೆಗೆ ಅವಧಿಯಿರುತ್ತದೆ; ಗೆದ್ದಲಿಗೆ ಅವಧಿಯಿಲ್ಲ. ಇಂಥ ನಿರಂತರ ಮೂಲ ಕಲ್ಪನೆಗೆ ನಿಲುಕದ್ದೇನೂ ಅಲ್ಲ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಅನ್ವಯ ಸ್ಥಳೀಯ ಸಂಸ್ಥೆಗಳು ಗ್ರಂಥಾಲಯ ಕರವನ್ನು ಸಂಗ್ರಹಿಸುತ್ತ ಬಂದಿವೆ. 2019ರಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಆಡಳಿತಕ್ಕೆ ಬಂದು, ಈಚೆಗೆ ಅರಿವು ಕೇಂದ್ರಗಳೆಂಬ ಹೆಸರನ್ನೂ ಪಡೆದಿವೆ. ದೀರ್ಘಕಾಲ ಅಲ್ಪ ಗೌರವಧನದ ಮೇಲೆ ದುಡಿದ ಅಲ್ಲಿನ ಮೇಲ್ವಿಚಾರಕರು ಊರಿನ ಪ್ರತಿಯೊಂದು ಓಣಿಯನ್ನೂ ಬಲ್ಲವರು. ಅವರಿಗೆ ಪ್ರಾಥಮಿಕ ಸಂರಕ್ಷಣೆಯ ತರಬೇತಿ ನೀಡಿ, ಊರಿನ ಸಂಗ್ರಹಗಳ ಪಟ್ಟಿಯನ್ನೂ ಪಾಲಕರ ವೃತ್ತಿಯ ಲೆಕ್ಕವನ್ನೂ ಅವರ ಮೂಲಕ ನಿರ್ವಹಿಸಿದರೆ, ನೋಂದಣಿಯಿಲ್ಲದ ಮೇಳಕ್ಕೂ ಮುಜಾವರನಿಗೂ ನೆರವು ತಲುಪುವ ದಾರಿಯಾಗುತ್ತದೆ. ಇದಕ್ಕೆ ಹೊಸ ಕಟ್ಟಡ ಬೇಕಿಲ್ಲ. ಇರುವ ಕೇಂದ್ರದ ಕೆಲಸದ ವ್ಯಾಪ್ತಿ ಹಿಗ್ಗಬೇಕು, ಕೆಲಸಕ್ಕೆ ತಕ್ಕ ಸಂಭಾವನೆ ಸಿಗಬೇಕು.

ಹನ್ನೊಂದನೆಯ ಶತಮಾನದ ಅಧಿಕಾರಿಯೊಬ್ಬ ಭಂಡಾರಿಗರನ್ನು ಉಪಾಧ್ಯಾಯರ ಸಾಲಿನಲ್ಲೇ ಎಣಿಸಿದ್ದ. ಅವನು ಎಣಿಸದೆ ಬಿಟ್ಟವರ ಸಂಗ್ರಹಗಳನ್ನೂ ಸೇರಿಸಿಕೊಂಡು ಆ ಎಣಿಕೆಯನ್ನು ಮುಂದುವರಿಸುವುದು ಇಂದಿನ ಸಂಸ್ಕೃತಿ ನೀತಿಯ ಮುಂದಿರುವ ಕೆಲಸ. ಕೈಬರಹದ ಪುಸ್ತಕಗಳನ್ನು ಓದಬಲ್ಲ ಹಿರಿಯರು ಮಂಡಳಿಗಳಲ್ಲಿ ಇನ್ನೂ ಇರುವಾಗಲೇ ಆ ಕೆಲಸ ಆರಂಭವಾಗಬೇಕು. ಅವರ ನಂತರ ಉಳಿಯುವ ಪುಸ್ತಕಕ್ಕೆ ಎಷ್ಟೇ ಅನುದಾನ ನೀಡಿದರೂ, ಅದನ್ನು ಹೇಗೆ ಹಾಡುತ್ತಿದ್ದರೆಂಬ ತಿಳಿವಳಿಕೆಯನ್ನು ಹಣದಿಂದ ಮರಳಿ ಪಡೆಯಲಾಗದು.